35 ಆಂಪಿಯರ್ ಬ್ರಿಡ್ಜ್ 4 ಆಂಪಿಯರ್‌ಗೇ ಯಾಕೆ ಸುಡುತ್ತದೆ? ಬೆಟಗೇರಿಯ ಮಗ್ಗದ ಮನೆಯ ಒಂದು ಪ್ರಕರಣ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಬೆಟಗೇರಿಯ ಹುಡುಗನೊಬ್ಬ ಗದಗದ ನನ್ನ ರಿಪೇರಿ ಅಂಗಡಿಗೆ ಬಂದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ, ಜೇಬಿನಲ್ಲಿ ಎರಡು ಸತ್ತ ಬ್ರಿಡ್ಜ್ ರೆಕ್ಟಿಫೈಯರ್. ಬ್ರಿಡ್ಜ್ ಅಂದರೆ ಎಸಿಯನ್ನು ಡಿಸಿ ಮಾಡುವ ಭಾಗ, ಅದರೊಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ನಾಲ್ಕು ಡಯೋಡ್ ಇರುತ್ತವೆ. ಒಂದು ಕೆಬಿಪಿ307, ಇನ್ನೊಂದು ಕೆಬಿಯು1010. ಮೂರನೆಯದು ಕೆಬಿಪಿಸಿ3510, ಡಬ್ಬಿಯ ಒಳಗೇ ಇತ್ತು, ಇನ್ನೂ ಸತ್ತಿರಲಿಲ್ಲ.

"ಸರ, ಇದರ ಮ್ಯಾಲೆ 35 ಆಂಪಿಯರ್ ಅಂತ ಐತ್ರಿ. ನನ್ನ ಲೋಡ್ ಮೂರೂ ಇಲ್ಲ. ಮತ್ಯಾಕ ಹಿಂಗ ಕಾಯ್ತೈತ್ರಿ? 50 ಆಂಪಿಯರಿಂದು ಹಾಕೂನೇನ್ರಿ?"

ಈ ಪ್ರಶ್ನೆ ನನಗೆ ಹೊಸದಲ್ಲ. ಕಡಿಮೆ ವೋಲ್ಟೇಜಿನ ಪವರ್ ಸಪ್ಲೈ ಕಟ್ಟುವ ಬಹಳ ಜನ ಇಲ್ಲೇ ಎಡವುತ್ತಾರೆ. ಆದರೆ ಈ ಹುಡುಗನ ಡಬ್ಬಿಯಲ್ಲಿ ಆಗಿದ್ದ ತಪ್ಪುಗಳು ಒಂದಕ್ಕೊಂದು ಎಷ್ಟು ಹೆಣೆದುಕೊಂಡಿದ್ದವು ಅಂದರೆ, ಪೂರ್ತಿ ಬರೆದಿಡಲೇಬೇಕು ಅನ್ನಿಸಿತು.

ಮೊದಲು ಮನೆಯ ವಿಷಯ. ಹುಡುಗ ಹುಬ್ಬಳ್ಳಿಯಲ್ಲಿ ಐಟಿಐ ಎಲೆಕ್ಟ್ರಾನಿಕ್ಸ್ ಓದುತ್ತಾನೆ. ಅವನ ಕಾಕಾನ ಮನೆಯಲ್ಲಿ ನಾಲ್ಕು ಕುಣಿಮಗ್ಗ ಇವೆ. ಕುಣಿಮಗ್ಗದಲ್ಲಿ ನೇಯುವವರು ಕುಣಿಯಲ್ಲಿ ಕಾಲಿಟ್ಟು ಕೂರುವುದರಿಂದ ಕಣ್ಣು ಹಾಸಿನ ಎಳೆಗಳಿಗೆ ಬಹಳ ಹತ್ತಿರ ಇರುತ್ತದೆ. ಮೇಲಿನ ಟ್ಯೂಬ್‌ಲೈಟಿನ ಬೆಳಕಿಗೆ ಮಗ್ಗದ ಅಡ್ಡಪಟ್ಟಿಯ ನೆರಳು ಸರಿಯಾಗಿ ಕೆಲಸದ ಜಾಗದ ಮೇಲೇ ಬೀಳುತ್ತಿತ್ತು. ಕಡಿದ ಎಳೆ ಕಾಣುತ್ತಿರಲಿಲ್ಲ. ಅದಕ್ಕೆ ಹುಡುಗ ಪ್ರತಿ ಮಗ್ಗಕ್ಕೂ 12 ವೋಲ್ಟಿನ ಎಲ್‌ಇಡಿ ಪಟ್ಟಿ ಅಂಟಿಸಿದ. ಒಂದೊಂದು 0.7 ಆಂಪಿಯರ್, ನಾಲ್ಕಕ್ಕೆ 2.8. ಎಲ್ಲಕ್ಕೂ ಸೇರಿ ಒಂದೇ ಡಬ್ಬಿ: 0-12 ವೋಲ್ಟ್ 5 ಆಂಪಿಯರ್ ಟ್ರಾನ್ಸ್‌ಫಾರ್ಮರ್, 3 ಆಂಪಿಯರಿನ ಕೆಬಿಪಿ307, ಕರೆಂಟ್ ಕೂಡಿಟ್ಟುಕೊಂಡು ಏರಿಳಿತ ತುಂಬಿಕೊಡಲು 1000 ಮೈಕ್ರೋಫ್ಯಾರಡ್ ಕೆಪಾಸಿಟರ್. ಅವನು ಸ್ವಂತ ಕೈಯಿಂದ ಮಾಡಿದ ಮೊದಲ ಕೆಲಸ ಅದು. ಒಂದು ವರ್ಷ ಚೆನ್ನಾಗಿಯೇ ಓಡಿತ್ತು.

ತಕರಾರು ಬಂದದ್ದು ಕಾಕಾನಿಂದ. "ಲಾಳಿ ಒಗದ್ರ ಒಂದರ ಬದಲಿ ನಾಕೈದು ಲಾಳಿ ಕಾಣತಾವ, ತಲಿ ನೋವ ಬರತೈತಿ" ಅಂದರಂತೆ. ಕಾಕಾ ಹೇಳಿದ್ದು ಸರಿಯಾಗಿಯೇ ಇತ್ತು. ಬ್ರಿಡ್ಜ್ ಆದಮೇಲೆ ಬರುವ ಕರೆಂಟ್ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಅಷ್ಟು ಲೋಡಿಗೆ 1000 ಮೈಕ್ರೋಫ್ಯಾರಡ್ ಏನೇನೂ ಸಾಲದು, ಪ್ರತಿ ಇಳಿತದಲ್ಲೂ ಎಲ್‌ಇಡಿ ಹೆಚ್ಚುಕಡಿಮೆ ಆರಿಯೇ ಹೋಗುತ್ತದೆ. ನಿಂತ ವಸ್ತು ನೋಡಿದರೆ ಗೊತ್ತಾಗುವುದಿಲ್ಲ. ಓಡುವ ಲಾಳಿ ಮಾತ್ರ ಬೆಳಕು ಹತ್ತಿದಾಗಲೆಲ್ಲ ಒಂದೊಂದು ಕಡೆ ಕಾಣುತ್ತದೆ, ಹಾಗಾಗಿ ಸಾಲಾಗಿ ನಾಲ್ಕೈದು ಲಾಳಿ ಇದ್ದ ಹಾಗೆ ಅನ್ನಿಸುತ್ತದೆ. ದಿನಕ್ಕೆ ಎಂಟು ಗಂಟೆ ಅದನ್ನು ನೋಡಿದರೆ ತಲೆ ನೋಯದೆ ಇರುತ್ತಾ?

ಹುಡುಗ ಎರಡು 10,000 ಮೈಕ್ರೋಫ್ಯಾರಡ್ 25 ವೋಲ್ಟ್ ಕೆಪಾಸಿಟರ್ ತಂದು ಸೇರಿಸಿದ. ಬೆಳಕು ಸ್ಥಿರವಾಯಿತು, ಮೊದಲಿಗಿಂತ ಜಾಸ್ತಿಯೂ ಆಯಿತು. ಮನೆಯವರೆಲ್ಲ ಖುಷಿಪಟ್ಟರು. ಆರನೇ ದಿನಕ್ಕೆ ಕೆಬಿಪಿ307 ಹೋಯಿತು. 10 ಆಂಪಿಯರಿನ ಕೆಬಿಯು1010 ಹಾಕಿದ, ಅದು ಮೂರು ವಾರ ಬಂತು. ಆಮೇಲೆ ಹುಬ್ಬಳ್ಳಿಯಿಂದ ಕೆಬಿಪಿಸಿ3510 ತಂದು, ಅದರ ನಾಲ್ಕು ಕಾಲಿಗೂ ವೈರ್ ಬೆಸೆದು, ಡಬ್ಬಿಯೊಳಗೆ ಗಾಳಿಯಲ್ಲಿ ನೇತಾಡಿಸಿದ.

ಡಬ್ಬಿ ಬಿಚ್ಚಿದಾಗ ನಾನು ಮೊದಲು ನೋಡಿದ್ದು ಪಕ್ಕದ ಕೆಪಾಸಿಟರನ್ನು. ಬ್ರಿಡ್ಜಿನ ಕಡೆಗಿದ್ದ ಅದರ ಪ್ಲಾಸ್ಟಿಕ್ ಹೊದಿಕೆ ಶಾಖಕ್ಕೆ ಸುಕ್ಕುಗಟ್ಟಿ ಮೇಲಕ್ಕೆ ಸರಿದು, ಕೆಳಗೆ ಅಲ್ಯೂಮಿನಿಯಂ ಡಬ್ಬಿಯ ಬಿಳಿ ಕಾಣುತ್ತಿತ್ತು. ಬ್ರಿಡ್ಜಿನ ಕಾಲುಗಳ ಬೆಸುಗೆ ಹೊಳಪು ಕಳೆದುಕೊಂಡು ಬೂದಿ ಬಣ್ಣಕ್ಕೆ ತಿರುಗಿತ್ತು. ಟ್ರಾನ್ಸ್‌ಫಾರ್ಮರಿನಿಂದ ವಾರ್ನಿಷ್ ಕಾದ ವಾಸನೆ. ಫ್ಯೂಸ್ ಹೋಲ್ಡರಿನಲ್ಲಿ ಫ್ಯೂಸ್ ಇರಲಿಲ್ಲ, ತಾಮ್ರದ ಎಳೆ ಸುತ್ತಿತ್ತು. ಎರಡನೇ ಬ್ರಿಡ್ಜ್ ಹೋದಾಗ ಫ್ಯೂಸ್ ಮೇಲಿಂದ ಮೇಲೆ ಹೋಗುತ್ತಿತ್ತು, ಅದಕ್ಕೆ ಹೀಗೆ ಮಾಡಿದೆ ಅಂತ ಒಪ್ಪಿಕೊಂಡ. ಇದಕ್ಕೆ ನಾನು ಸ್ವಲ್ಪ ಗದರಿದೆ. ಮರದ ಮಗ್ಗ, ನೂಲು, ಸೀರೆ ತುಂಬಿದ ಮನೆ ಅದು.

ಸತ್ತ ಎರಡನ್ನೂ ಮಲ್ಟಿಮೀಟರಿನ ಡಯೋಡ್ ಮೋಡಿನಲ್ಲಿ ನೋಡಿದೆವು. ಸರಿಯಿರುವ ಬ್ರಿಡ್ಜಿನಲ್ಲಿ ಕೆಂಪು ಕಡ್ಡಿಯನ್ನು ಮೈನಸ್ ಕಾಲಿಗೂ ಕಪ್ಪನ್ನು ಪ್ಲಸ್ ಕಾಲಿಗೂ ಹಿಡಿದರೆ ಹತ್ತಿರ ಹತ್ತಿರ 1 ವೋಲ್ಟ್ ತೋರಿಸುತ್ತದೆ, ಯಾಕೆಂದರೆ ದಾರಿಯಲ್ಲಿ ಎರಡು ಡಯೋಡ್ ಸಿಗುತ್ತವೆ. ಒಂದೊಂದನ್ನೇ ನೋಡಿದರೆ 0.5 ಆಸುಪಾಸು. ಕೆಬಿಯು1010ರಲ್ಲಿ ಒಂದು ಎಸಿ ಕಾಲಿನಿಂದ ಪ್ಲಸ್ ಕಾಲಿಗೆ ಎರಡೂ ದಿಕ್ಕಿನಲ್ಲಿ ಸೊನ್ನೆ, ಬೀಪ್ ಅಂತು. ಒಂದು ಡಯೋಡ್ ಹೀಗೆ ಶಾರ್ಟ್ ಆದರೆ ಪ್ರತಿ ಸೈಕಲ್ಲಿನ ಅರ್ಧ ಭಾಗದಲ್ಲಿ ಟ್ರಾನ್ಸ್‌ಫಾರ್ಮರೇ ಶಾರ್ಟ್ ಆದ ಹಾಗೆ. ಫ್ಯೂಸ್ ಹೋಗುತ್ತಿದ್ದದ್ದು ಅದಕ್ಕೇ.

ಸಂಜೆ ಅವನ ಜೊತೆ ಬೆಟಗೇರಿಗೆ ಹೋದೆ. ಲೋಡ್ ಇಲ್ಲದೆ ಅಳೆದರೆ ಏನೂ ತಿಳಿಯುವುದಿಲ್ಲ, ಅದು ಓಡುವ ಜಾಗದಲ್ಲೇ ಅಳೆಯಬೇಕು. ನಾಲ್ಕೂ ಪಟ್ಟಿ ಹತ್ತಿಸಿ ಮೀಟರನ್ನು ಸಾಲಿನಲ್ಲಿ ಸೇರಿಸಿದೆ. 13.3 ವೋಲ್ಟ್, 4.1 ಆಂಪಿಯರ್. ಹುಡುಗ ಮೀಟರನ್ನೇ ನೋಡುತ್ತಾ ನಿಂತ. ಅವನ ಲೆಕ್ಕದಲ್ಲಿ ಅದು 2.8 ಇರಬೇಕಿತ್ತು. ಒಂದು ಗಂಟೆ ಬಿಟ್ಟು ಬ್ರಿಡ್ಜಿನ ಮೈಗೆ ಬಿಸಿ ಅಳೆಯುವ ಥರ್ಮೋಕಪಲ್ ಇಟ್ಟರೆ, ಮುಚ್ಚಳ ತೆರೆದಿದ್ದಾಗಲೇ 98 ಡಿಗ್ರಿ. ಕೋಣೆಯಲ್ಲಿ 36 ಇತ್ತು.

ಇನ್ನು ಲೆಕ್ಕ. ಬ್ರಿಡ್ಜಿನ ಹೆಸರನ್ನು ಓದುವುದು ಸುಲಭ. ಕೆಬಿಪಿಸಿ3510 ಅಂದರೆ 35 ಆಂಪಿಯರ್, ಕೊನೆಯ 10 ಅಂದರೆ 1000 ವೋಲ್ಟ್. ಕೆಬಿಯು1010 ಅಂದರೆ 10 ಆಂಪಿಯರ್, 1000 ವೋಲ್ಟ್. ಕೆಬಿಪಿ307ರಲ್ಲಿ 3 ಆಂಪಿಯರ್, 07 ಅಂದರೂ 1000 ವೋಲ್ಟೇ, 1ಎನ್4007 ಡಯೋಡಿನ 7 ಇದ್ದ ಹಾಗೆ.

ವೋಲ್ಟೇಜಿನ ಸಂಖ್ಯೆ ನೋಡಿಯೇ ಬಹಳ ಜನ ಗಟ್ಟಿ ಮಾಲು ಅಂದುಕೊಳ್ಳುತ್ತಾರೆ. ಇಲ್ಲಿ ಆ ಸಂಖ್ಯೆಗೆ ಏನೂ ಕೆಲಸ ಇಲ್ಲ. ಈ ಟ್ರಾನ್ಸ್‌ಫಾರ್ಮರ್ ಲೋಡ್ ಇಲ್ಲದಾಗ 13.2 ವೋಲ್ಟ್ ಕೊಡುತ್ತಿತ್ತು. ಎಸಿ ಅಲೆಯ ತುದಿಯ ವೋಲ್ಟೇಜ್ ಬೇಕಾದರೆ ಅದನ್ನು 1.414ರಿಂದ ಗುಣಿಸಬೇಕು, 18.7. ಬ್ರಿಡ್ಜಿನಲ್ಲಿ ಪ್ರತಿ ಡಯೋಡ್ ಉಲ್ಟಾ ದಿಕ್ಕಿನಲ್ಲಿ ತಡೆಯಬೇಕಾದದ್ದು ಅಷ್ಟೇ. ಬ್ರಿಡ್ಜಿಗೆ 100 ಸಾಕು, ಲೈನಿನಲ್ಲಿ ಬರುವ ಏರಿಳಿತಕ್ಕೆ 200 ಇದ್ದರೆ ಧೈರ್ಯ. ಅಂಗಡಿಯಲ್ಲಿ 1000 ವೋಲ್ಟಿನದ್ದೇ ಸಿಗುತ್ತದೆ, ತಗೊಳ್ಳಿ, ತಪ್ಪಿಲ್ಲ. ಅದರಿಂದ ಬಿಸಿ ಮಾತ್ರ ಒಂದು ಡಿಗ್ರಿಯೂ ಕಡಿಮೆ ಆಗುವುದಿಲ್ಲ.

ಈಗ ಆಂಪಿಯರ್. ಹುಡುಗ ಅಂದುಕೊಂಡಿದ್ದು ಇದು: 35ಕ್ಕೆ 4 ಅಂದರೆ ಒಂಬತ್ತನೇ ಒಂದು ಪಾಲು ಕೆಲಸ, ಹಾಗಾಗಿ ತಣ್ಣಗಿರಬೇಕು. ಮೋಟಾರಿಗೋ ವೈರಿಗೋ ಈ ಮಾತು ಸುಮಾರಾಗಿ ನಡೆಯುತ್ತದೆ. ದಪ್ಪ ವೈರ್ ಹಾಕಿದರೆ ಅದರ ರೆಸಿಸ್ಟೆನ್ಸ್ ಕಡಿಮೆ, ಬಿಸಿಯೂ ಕಡಿಮೆ. ಸಿಲಿಕಾನ್ ಡಯೋಡ್ ಹಾಗಲ್ಲ. ಚಿಕ್ಕದಿರಲಿ ದೊಡ್ಡದಿರಲಿ, ಇಷ್ಟು ಕರೆಂಟ್ ಹರಿಯುವಾಗ ಹತ್ತಿರ ಹತ್ತಿರ 1 ವೋಲ್ಟ್ ಇಟ್ಟುಕೊಂಡೇ ಬಿಡುತ್ತದೆ (ಮಲ್ಟಿಮೀಟರ್ 0.5 ತೋರಿಸಿದ್ದು ಅದರ ಪುಟ್ಟ ಕರೆಂಟಿಗೆ). ಬ್ರಿಡ್ಜಿನಲ್ಲಿ ಕರೆಂಟ್ ಹೋಗುವಾಗ ಒಂದು ಡಯೋಡ್, ವಾಪಸ್ ಬರುವಾಗ ಒಂದು ಡಯೋಡ್ ದಾಟುತ್ತದೆ, ಒಟ್ಟು 1.9 ವೋಲ್ಟ್ ಹಿಡಿಯಿರಿ. 4.1 ಆಂಪಿಯರ್ ಗುಣಿಸು 1.9, ಸುಮಾರು 8 ವ್ಯಾಟ್. ಕೆಬಿಯು1010 ಹಾಕಿದಾಗಲೂ ಹೆಚ್ಚುಕಡಿಮೆ 8 ವ್ಯಾಟ್, 3510 ಹಾಕಿದಾಗಲೂ 8, ನಾಳೆ 50 ಆಂಪಿಯರಿನದ್ದು ಹಾಕಿದರೂ 8ರ ಹತ್ತಿರವೇ. ನಮ್ಮ ಮೇಜಿನ ಮೇಲಿರುವ 25 ವ್ಯಾಟಿನ ಸೋಲ್ಡರಿಂಗ್ ಐರನ್ ಇದೆಯಲ್ಲ, ಅದರ ಮೂರನೇ ಒಂದು ಪಾಲು ಬಿಸಿ, ಬೆಂಕಿಪೆಟ್ಟಿಗೆಗಿಂತ ಚಿಕ್ಕ ಮೈಯಲ್ಲಿ. ಅದು ಎಲ್ಲಿಗೆ ಹೋಗಬೇಕು?

ಹಾಗಾದರೆ ಮೈಮೇಲೆ ಬರೆದ 35 ಏನು? ತಯಾರಕರು ಕೊಡುವ ಮಾಹಿತಿ ಹಾಳೆಯಲ್ಲಿ, ಅಂದರೆ ಡೇಟಾಶೀಟಿನಲ್ಲಿ, ಆ ಸಂಖ್ಯೆಯ ಪಕ್ಕದಲ್ಲೇ ಇನ್ನೊಂದು ಸಣ್ಣ ಸಂಖ್ಯೆ ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಕೆಬಿಪಿಸಿ35 ಸರಣಿಯ ಬಹುತೇಕ ಡೇಟಾಶೀಟುಗಳಲ್ಲಿ ಅದು "ಕೇಸ್ ಟೆಂಪರೇಚರ್ 55 ಡಿಗ್ರಿ" ಅಂತ ಇರುತ್ತದೆ. ಅಂದರೆ ಬ್ರಿಡ್ಜಿನ ಲೋಹದ ತಳವನ್ನು ನೀವು 55 ಡಿಗ್ರಿಯಲ್ಲಿ ಹಿಡಿದಿಟ್ಟರೆ 35 ಆಂಪಿಯರ್ ಕೊಡುತ್ತೇನೆ ಅಂತ ಅದರ ಮಾತು. ಮೈ ಬಿಸಿ ಏರಿದ ಹಾಗೆ ಈ ಸಂಖ್ಯೆ ನೇರವಾಗಿ ಇಳಿಯುತ್ತಾ ಹೋಗಿ 150 ಡಿಗ್ರಿಗೆ ಸೊನ್ನೆ ಆಗುತ್ತದೆ. 98 ಡಿಗ್ರಿಗೆ ಲೆಕ್ಕ ಹಾಕಿದರೆ ಉಳಿಯುವುದು 19 ಆಂಪಿಯರ್. ನಾಲ್ಕಕ್ಕಿಂತ ಇನ್ನೂ ಎಷ್ಟೋ ಜಾಸ್ತಿ, ಅದಕ್ಕೇ ಅದು ಸತ್ತಿರಲಿಲ್ಲ. ಸುತ್ತಲಿನವರನ್ನು ಬೇಯಿಸುತ್ತಿತ್ತು ಅಷ್ಟೆ: ಬೆಸುಗೆಯನ್ನು, ವೈರನ್ನು, ಪಕ್ಕದ ಕೆಪಾಸಿಟರನ್ನು. ಆ ಕೆಪಾಸಿಟರ್ 85 ಡಿಗ್ರಿವರೆಗೆ ಮಾತ್ರ ತಡೆಯುವಂಥದ್ದು. ಈ ಥರದ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯುಷ್ಯ ಪ್ರತಿ 10 ಡಿಗ್ರಿ ಬಿಸಿಗೆ ಅರ್ಧ ಆಗುತ್ತದೆ ಅಂತ ಸಾಮಾನ್ಯ ಲೆಕ್ಕ.

ಕೆಬಿಯು1010ರ ಕಥೆ ಬೇರೆ. ಅದರ 10 ಆಂಪಿಯರ್ ಕೂಡ ಹೀಟ್‌ಸಿಂಕಿಗೆ, ಅಂದರೆ ಬಿಸಿ ಎಳೆದು ಗಾಳಿಗೆ ಬಿಡುವ ಲೋಹಕ್ಕೆ, ಒತ್ತಿ ಕೂರಿಸಿದಾಗಿನ ಮಾತು. ಈ ಥರದ ಪ್ಲಾಸ್ಟಿಕ್ ಮೈಯ ಬ್ರಿಡ್ಜುಗಳನ್ನು ಬರೀ ಬೋರ್ಡಿನ ಮೇಲೆ ನಿಲ್ಲಿಸಿದರೆ ಹೇಳಿದ್ದಷ್ಟು ಕೊಡುವುದಿಲ್ಲ, ಕೆಲವದರಲ್ಲಿ ಅರ್ಧವೂ ಸಿಗುವುದಿಲ್ಲ. ಮುಚ್ಚಿದ ಡಬ್ಬಿ, ಮೇಲೆ ಏಪ್ರಿಲ್ ಬಿಸಿಲು. ಮೂರು ವಾರ ತಡೆದಿದ್ದೇ ದೊಡ್ಡದು.

ಇಷ್ಟಕ್ಕೇ ಹೀಟ್‌ಸಿಂಕ್ ಹಾಕಿ ಮನೆಗೆ ಹೋಗಬಹುದಿತ್ತು. ಆದರೆ 2.8 ಇರಬೇಕಾದದ್ದು 4.1 ಹೇಗಾಯಿತು ಅನ್ನುವುದು ನನ್ನನ್ನು ಬಿಡಲಿಲ್ಲ. ಈ ಪ್ರಕರಣದ ತಿರುಳು ಅಲ್ಲೇ ಇದೆ ಅಂತ ನನ್ನ ಅಭಿಪ್ರಾಯ.

12 ವೋಲ್ಟಿನ ಎಲ್‌ಇಡಿ ಪಟ್ಟಿಯಲ್ಲಿ ಮೂರು ಮೂರು ಎಲ್‌ಇಡಿ ಒಂದು ಸಾಲು, ಸಾಲಿಗೊಂದು ಚಿಕ್ಕ ರೆಸಿಸ್ಟರ್. ಮೂರು ಎಲ್‌ಇಡಿ ಸೇರಿ 9.2 ವೋಲ್ಟ್ ಇಟ್ಟುಕೊಳ್ಳುತ್ತವೆ ಅನ್ನೋಣ. 12 ಕೊಟ್ಟರೆ ರೆಸಿಸ್ಟರಿನ ಮೇಲೆ ಉಳಿಯುವುದು 2.8. 13.3 ಕೊಟ್ಟರೆ 4.1. ವೋಲ್ಟೇಜ್ ಏರಿದ್ದು ನೂರಕ್ಕೆ ಹನ್ನೊಂದು, ಕರೆಂಟ್ ಏರಿದ್ದು ಒಂದೂವರೆ ಪಟ್ಟಿನ ಹತ್ತಿರ. ಮೀಟರ್ ತೋರಿಸಿದ್ದೂ ಅದನ್ನೇ. ಕೆಪಾಸಿಟರ್ ಚಿಕ್ಕದಿದ್ದಾಗ ಪಟ್ಟಿಗಳಿಗೆ ಸಿಗುತ್ತಿದ್ದದ್ದು ಏರಿ ಇಳಿಯುವ ವೋಲ್ಟೇಜ್, ಅದರ ಸರಾಸರಿ ಕಡಿಮೆ. ದೊಡ್ಡ ಕೆಪಾಸಿಟರ್ ಬಂದ ಮೇಲೆ ವೋಲ್ಟೇಜ್ ತುದಿಯ ಹತ್ತಿರವೇ ನಿಂತುಬಿಟ್ಟಿತು. ಬೆಳಕು ಜಾಸ್ತಿಯಾಯಿತು ಅಂತ ಮನೆಯವರು ಖುಷಿಪಟ್ಟರಲ್ಲ, ಆ ಜಾಸ್ತಿ ಬೆಳಕೇ ಬ್ರಿಡ್ಜನ್ನು ಸುಟ್ಟಿತ್ತು.

ಅದೇ ಕೆಪಾಸಿಟರ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಟ್ರಾನ್ಸ್‌ಫಾರ್ಮರಿನ ವೋಲ್ಟೇಜ್ ಕೆಪಾಸಿಟರಿನಲ್ಲಿರುವುದಕ್ಕಿಂತ ಮೇಲೆ ಹೋದಾಗ ಮಾತ್ರ ಡಯೋಡ್ ತೆರೆಯುತ್ತದೆ. ಹತ್ತು ಮಿಲಿಸೆಕೆಂಡಿನಲ್ಲಿ ಇಲ್ಲಿ ಸುಮಾರು ನಾಲ್ಕು ಮಿಲಿಸೆಕೆಂಡು ಅಷ್ಟೆ. ಹತ್ತರಲ್ಲಿ ಖರ್ಚಾಗುವ ಕರೆಂಟೆಲ್ಲ ಆ ನಾಲ್ಕರಲ್ಲೇ ಒಳಗೆ ಬರಬೇಕು. ಹಾಗಾಗಿ ಹೊರಗೆ ಸರಾಸರಿ 4 ಆಂಪಿಯರ್ ಇದ್ದರೂ ಬ್ರಿಡ್ಜಿನಲ್ಲಿ ಪ್ರತಿ ಸಲ 15 ಆಂಪಿಯರಿನ ಆಸುಪಾಸು ಏಟು ಬೀಳುತ್ತದೆ. ಟ್ರಾನ್ಸ್‌ಫಾರ್ಮರಿಗೂ ಅದೇ ಏಟು. ಟ್ರಾನ್ಸ್‌ಫಾರ್ಮರ್ ಮಾಡುವವರು ಇದಕ್ಕೊಂದು ಸುಲಭದ ಲೆಕ್ಕ ಇಟ್ಟುಕೊಂಡಿದ್ದಾರೆ: ಬ್ರಿಡ್ಜ್ ಮತ್ತು ಕೆಪಾಸಿಟರ್ ಇರುವ ಸಪ್ಲೈನಲ್ಲಿ ಸಿಗುವ ಡಿಸಿ ಕರೆಂಟ್, ಟ್ರಾನ್ಸ್‌ಫಾರ್ಮರಿನ ಎಸಿ ಆಂಪಿಯರಿನ 0.62 ಭಾಗ. 5 ಆಂಪಿಯರಿನ ಟ್ರಾನ್ಸ್‌ಫಾರ್ಮರಿನಿಂದ ನೆಮ್ಮದಿಯಾಗಿ ಸಿಗುವುದು 3.1. ನಾವು ಎಳೆಯುತ್ತಿದ್ದದ್ದು 4.1, ಅಂದರೆ ಅದರ ಸುತ್ತಿನಲ್ಲಿ 6.6 ಹರಿಯುತ್ತಿತ್ತು. ವಾರ್ನಿಷ್ ವಾಸನೆ ಎಲ್ಲಿಂದ ಬಂತು ಅಂತ ಗೊತ್ತಾಯಿತಲ್ಲ? ಹುಡುಗ ಬ್ರಿಡ್ಜ್ ದೊಡ್ಡದು ಮಾಡುತ್ತಾ ಹೋಗಿದ್ದರೆ ಮುಂದಿನ ಸಲ ಸುಡುತ್ತಿದ್ದದ್ದು ಟ್ರಾನ್ಸ್‌ಫಾರ್ಮರ್, ಅದೂ ಫ್ಯೂಸ್ ಇಲ್ಲದ ಡಬ್ಬಿಯಲ್ಲಿ.

ಕರೆಂಟ್ ಹೋಗಿ ಬರುವಾಗಿನ ಮಾತನ್ನೂ ಹೇಳಿಬಿಡುತ್ತೇನೆ. ಖಾಲಿ ಕೆಪಾಸಿಟರ್ ಆ ಕ್ಷಣಕ್ಕೆ ಶಾರ್ಟ್ ಇದ್ದ ಹಾಗೆ. ಈ ಟ್ರಾನ್ಸ್‌ಫಾರ್ಮರಿನ ಒಳಗಿನ ರೆಸಿಸ್ಟೆನ್ಸ್ 0.24 ಓಮ್ ಬಂತು. 18.7 ಭಾಗಿಸು 0.24, ಕೆಟ್ಟ ಗಳಿಗೆಯಲ್ಲಿ 78 ಆಂಪಿಯರ್. ಡೇಟಾಶೀಟಿನಲ್ಲಿ ಇದಕ್ಕೆ ಸರ್ಜ್ ಕರೆಂಟ್ ಅಂತ ಬೇರೆ ಸಾಲು ಇರುತ್ತದೆ, ಒಂದೇ ಒಂದು 8.3 ಮಿಲಿಸೆಕೆಂಡಿನ ಅರ್ಧ ಸೈಕಲ್ಲಿಗೆ. ಅದು 60 ಹರ್ಟ್ಜ್ ದೇಶಗಳ ಲೆಕ್ಕ, ನಮ್ಮದು 10 ಮಿಲಿಸೆಕೆಂಡು. 1ಎನ್4007ಕ್ಕೆ ಈ ಮಿತಿ 30 ಆಂಪಿಯರ್, ಕೆಬಿಪಿಸಿ3510ಕ್ಕೆ 400. ಇಲ್ಲಿ ಮಾತ್ರ ದೊಡ್ಡ ಬ್ರಿಡ್ಜ್ ತಂದದ್ದು ನಿಜವಾಗಿ ಉಪಯೋಗಕ್ಕೆ ಬಂತು. ಅದಕ್ಕೇ ಅದನ್ನು ತೆಗೆಯಲಿಲ್ಲ.

ಹೊಸದಾಗಿ ಮಾಡುವವರಿಗೆ 12 ವೋಲ್ಟಿನ ಒಳ್ಳೆಯ ಎಸ್‌ಎಂಪಿಎಸ್ (ಸಿದ್ಧವಾಗಿ ಸಿಗುವ ಸ್ವಿಚಿಂಗ್ ಪವರ್ ಸಪ್ಲೈ) ತಗೊಳ್ಳಿ ಅಂತಲೇ ನಾನು ಹೇಳುವುದು. ಆದರೆ ಕಾಕಾ "ಹುಡುಗ ಮಾಡಿದ್ದ ಐತಿ, ಅದನ್ನ ಸರಿ ಮಾಡಿ ಕೊಡ್ರಿ" ಅಂದರು. ನನಗೂ ಅದೇ ಸರಿ ಅನ್ನಿಸಿತು.

ಮೊದಲು ಟ್ರಾನ್ಸ್‌ಫಾರ್ಮರ್. ಸೆಕೆಂಡರಿ ಸುತ್ತು, ಅಂದರೆ 12 ವೋಲ್ಟ್ ಕೊಡುವ ಸುತ್ತು, ಹೊರಗಡೆಯೇ ಇತ್ತು, ಕೋರ್ ಮತ್ತು ಸುತ್ತಿನ ನಡುವೆ ಸ್ವಲ್ಪ ಸಂದಿಯೂ ಇತ್ತು. ಆ ಸಂದಿಯಲ್ಲಿ ಹೊದಿಕೆ ಇರುವ ಸಾದಾ ವೈರನ್ನು 10 ಸುತ್ತು ಹಾಕಿ, ಟ್ರಾನ್ಸ್‌ಫಾರ್ಮರ್ ಹಚ್ಚಿ ಅಳೆದೆವು: 2 ವೋಲ್ಟ್. ಅಂದರೆ ವೋಲ್ಟಿಗೆ 5 ಸುತ್ತು. ನಮಗೆ 2 ವೋಲ್ಟ್ ಇಳಿಸಬೇಕಿತ್ತು. ಪ್ಲಗ್ ಕಿತ್ತು, ಸೆಕೆಂಡರಿಯ ಹೊರತುದಿಯ ಬೆಸುಗೆ ಬಿಡಿಸಿ, ದಪ್ಪ ತಾಮ್ರದ ತಂತಿಯನ್ನು ಹುಡುಗ ಒಂದೊಂದೇ ಸುತ್ತು ಎಣಿಸುತ್ತಾ ಹತ್ತು ಸುತ್ತು ಬಿಚ್ಚಿದ. ಎನಾಮಲ್ ಗೀಚದ ಹಾಗೆ ಮರದ ಚೂರಿನಿಂದ ತಂತಿ ಎಬ್ಬಿಸುವುದನ್ನು ಅವನಿಗೆ ಹೇಳಿಕೊಡಬೇಕಾಗಲಿಲ್ಲ, ನೇಕಾರರ ಮನೆಯ ಕೈ ಅದು. ಲೋಡ್ ಇಲ್ಲದಾಗ 11.2 ವೋಲ್ಟ್ ಬಂತು. ಮೇನ್ಸ್ ಕಡೆಯ ಪ್ರೈಮರಿ ಸುತ್ತು ಹೊರಗಿರುವ ಟ್ರಾನ್ಸ್‌ಫಾರ್ಮರಿನಲ್ಲಿ ಈ ಕೆಲಸ ಮಾಡಲು ಹೋಗಬೇಡಿ, 230 ವೋಲ್ಟಿನ ಸುತ್ತಿಗೆ ಕೈ ಹಾಕಬಾರದು.

ಆಮೇಲೆ ಬ್ರಿಡ್ಜ್. ಗುಜರಿ ಅಂಗಡಿಯಿಂದ 3 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡು ತಂದು 15ಕ್ಕೆ 10 ಸೆಂಟಿಮೀಟರ್ ಕತ್ತರಿಸಿದೆವು. ರಂಧ್ರದ ಅಂಚಿನ ಮುಳ್ಳು ಕೆರೆದು ನುಣುಪು ಮಾಡಿ, ಬ್ರಿಡ್ಜಿನ ತಳಕ್ಕೆ ಹೀಟ್‌ಸಿಂಕ್ ಪೇಸ್ಟನ್ನು ತೆಳ್ಳಗೆ ಸವರಿ, ನಡುವಿನ ತೂತಿಗೆ ಬೋಲ್ಟ್ ಹಾಕಿ ಬಿಗಿದೆವು. ಕೆಬಿಪಿಸಿಯ ಲೋಹದ ತಳ ಒಳಗಿನ ಡಯೋಡುಗಳಿಗೆ ತಾಗಿರುವುದಿಲ್ಲ, ಹಾಗಾಗಿ ನಡುವೆ ಕರೆಂಟ್ ತಡೆಯುವ ಮೈಕಾ ಹಾಳೆ ಬೇಡ. ತಗಡು ಡಬ್ಬಿಯ ಹೊರಗೆ, ಉದ್ದುದ್ದ ನಿಲ್ಲಿಸಿ, ಗಾಳಿ ಎರಡೂ ಕಡೆ ಆಡುವ ಹಾಗೆ. ಬೆಸುಗೆಯ ಬದಲು ಒತ್ತಿ ಕೂರಿಸುವ ಥಿಂಬಲ್. ಉಳಿದ ಮೂರು ಕಾಲಿಗಿಂತ ಅಡ್ಡ ತಿರುಗಿದ ಕಾಲೇ ಪ್ಲಸ್, ಅದರ ಎದುರು ಮೂಲೆಯದು ಮೈನಸ್. ಸುಕ್ಕಾದ ಕೆಪಾಸಿಟರ್ ಎಸೆದು 105 ಡಿಗ್ರಿಯದ್ದು ಹಾಕಿದೆವು. ಪ್ರೈಮರಿಗೆ 500 ಮಿಲಿಆಂಪಿಯರಿನ ಸ್ಲೋ ಫ್ಯೂಸ್.

ಹುಡುಗ ಶಾಟ್ಕಿ ಡಯೋಡ್ ಹಾಕಿದರೆ ಹೇಗೆ ಅಂತ ಕೇಳಿದ. ಹಾಕಬಹುದು, ಒಂದೊಂದು ಅರ್ಧ ವೋಲ್ಟ್ ತಿನ್ನುತ್ತದೆ, ಬಿಸಿ ಅರ್ಧಕ್ಕರ್ಧ ಇಳಿಯುತ್ತದೆ. ಆದರೆ ಬಿಸಿಯಾದಾಗ ಉಲ್ಟಾ ದಿಕ್ಕಿನ ಸೋರಿಕೆ ಅದರಲ್ಲಿ ಜಾಸ್ತಿ. 5-6 ವೋಲ್ಟಿನ ಸಪ್ಲೈಗಾದರೆ ನಾನೇ ಅದನ್ನು ಹೇಳುತ್ತಿದ್ದೆ, ಅಲ್ಲಿ 2 ವೋಲ್ಟ್ ಕಳೆದುಕೊಳ್ಳುವುದು ಬಹಳ ದುಬಾರಿ. ಇಲ್ಲಿ ಅಗತ್ಯ ಕಾಣಲಿಲ್ಲ.

ಹತ್ತಿಸಿದಾಗ ಮೀಟರಿನಲ್ಲಿ 11.8 ವೋಲ್ಟ್, 2.6 ಆಂಪಿಯರ್. ಟ್ರಾನ್ಸ್‌ಫಾರ್ಮರಿನ ಸುತ್ತಿನಲ್ಲಿ ಈಗ 4.2, ಅದರ 5ರ ಒಳಗೇ. ಬ್ರಿಡ್ಜಿನಲ್ಲಿ 5 ವ್ಯಾಟಿಗೂ ಕಡಿಮೆ. ಬೆಳಕು ಸ್ವಲ್ಪ ಇಳಿದಿದೆ ಅಂತ ಕಾಕು ಅಂದರು, ಕಾಕಾ ಕುಣಿಯಲ್ಲಿ ಕೂತು ನಾಲ್ಕು ಸಲ ಲಾಳಿ ಒಗೆದು ನೋಡಿ, "ಇಷ್ಟ ಸಾಕವಾ, ಎಳಿ ಕಾಣಾಕತ್ಯಾವ" ಅಂದರು.

ಮೇ ಕೊನೆಗೆ ಮತ್ತೆ ಹೋಗಿದ್ದೆ. ಮಧ್ಯಾಹ್ನ ಮೂರು ಗಂಟೆ, ಬೆಳಿಗ್ಗೆಯಿಂದ ನಾಲ್ಕೂ ಮಗ್ಗ ನಡೆದಿದ್ದವು. ಬ್ರಿಡ್ಜಿನ ಮೈ 57 ಡಿಗ್ರಿ, ಕೆಪಾಸಿಟರ್ 41. ಮುಚ್ಚಳದ ಒಳಮೈಯಲ್ಲಿ ಹುಡುಗ ಮಾರ್ಕರಿನಿಂದ ಬರೆದಿಟ್ಟಿದ್ದ: 11.8 ವೋಲ್ಟ್, 2.6 ಆಂಪಿಯರ್, ಫ್ಯೂಸ್ 500 ಮಿ.ಆಂ. ಅದರ ಕೆಳಗೆ 57 ಡಿಗ್ರಿ, ಮೇ ತಿಂಗಳು ಅಂತ ಆವತ್ತೇ ಸೇರಿಸಿದ.